ಸ್ವೀಡನ್‌ನ ಮಿಡ್‌ಸಮ್ಮರ್, ರಾಯಚೂರಿನ ಕಾರ ಹುಣ್ಣಿಮೆ: ಜೂನ್ ತಿಂಗಳ ಎರಡು ಹಬ್ಬಗಳ ಹಿಂದಿನ ವಿಜ್ಞಾನ

ಜೂನ್ ಮೂರನೇ ವಾರ ಬಂತೆಂದರೆ ಸ್ವೀಡನ್‌ನ ನಗರಗಳು ಬಿಕೋ ಎನ್ನುತ್ತವೆ. ಜನ ಹಳ್ಳಿಯ ಕಡೆ, ಸರೋವರದ ಕಡೆ, ಬಂಧುಗಳ ಮನೆಯ ಕಡೆ ಹೊರಟುಬಿಡುತ್ತಾರೆ. ಕಾರಣ ಮಿಡ್‌ಸಮ್ಮರ್ ಹಬ್ಬ. ಹೆಚ್ಚುಕಡಿಮೆ ಅದೇ ತಿಂಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಒಕ್ಕಲುತನದ ಮನೆಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಾರ ಹುಣ್ಣಿಮೆ ಮಾಡುತ್ತಾರೆ. ಒಂದು ಹಬ್ಬ ಬೆಳಕಿಗಾಗಿ, ಇನ್ನೊಂದು ಮಳೆಗಾಗಿ. ಎರಡರ ಹಿಂದೆಯೂ ಇರುವುದು ಸೂರ್ಯನ ವಾರ್ಷಿಕ ಚಲನೆಯೇ.

ಈ ಎರಡೂ ಹಬ್ಬಗಳ ಸುತ್ತ ಕೆಲವು ನಂಬಿಕೆಗಳು ಬೆಳೆದಿವೆ. ವರ್ಷದ ಅತಿ ಉದ್ದದ ಹಗಲು ಎಂದರೆ ಅತಿ ಬಿಸಿಲಿನ ದಿನವೇ? ಅಂದು ಸೂರ್ಯ ನಮ್ಮ ನೆತ್ತಿಯ ಮೇಲೆ ಇರುತ್ತಾನೆಯೇ? ಕರಿ ಹರಿದ ಎತ್ತಿನ ಬಣ್ಣ ನೋಡಿ ಈ ವರ್ಷ ಯಾವ ಬೆಳೆ ಬರುತ್ತದೆಂದು ಹೇಳಬಹುದೇ? ಹಬ್ಬದ ದಿನ ಎತ್ತಿಗೆ ಹೊಟ್ಟೆ ಬಿರಿಯುವಷ್ಟು ಹುಗ್ಗಿ, ಹೋಳಿಗೆ ತಿನ್ನಿಸಿದರೆ ಒಳ್ಳೆಯದೇ? ಒಂದೊಂದಾಗಿ ನೋಡೋಣ.

ಸ್ವೀಡನ್ ಮನೆಯಲ್ಲಿ ಹಬ್ಬ ಹೇಗಿರುತ್ತದೆ?

ಸ್ವೀಡನ್‌ನಲ್ಲಿ ಹಬ್ಬದ ಮುಖ್ಯ ದಿನ ಮಿಡ್‌ಸಮ್ಮರ್‌ನ ಮುನ್ನಾದಿನ. ಹಿಂದೆ ಅದು ಪ್ರತಿ ವರ್ಷ ಜೂನ್ 23ಕ್ಕೇ ಬರುತ್ತಿತ್ತು. ಕ್ರೈಸ್ತ ಸಂಪ್ರದಾಯದಲ್ಲಿ ಜೂನ್ 24 ಸ್ನಾನಿಕ ಯೋಹಾನನ ಜನ್ಮದಿನ. ವಾರದ ನಡುವೆ ರಜೆ ಬರುವುದನ್ನು ತಪ್ಪಿಸಲು 1953ರಿಂದ ಹಬ್ಬವನ್ನು ವಾರಾಂತ್ಯಕ್ಕೆ ಸರಿಸಲಾಯಿತು. ಈಗ ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರವೇ ಮುನ್ನಾದಿನ. ಫಿನ್‌ಲ್ಯಾಂಡ್ ಕೂಡ ಸ್ವಲ್ಪ ಸಮಯದ ನಂತರ ಇದೇ ದಾರಿ ಹಿಡಿಯಿತು. ಡೆನ್ಮಾರ್ಕ್ ಮತ್ತು ನಾರ್ವೆಯವರು ಇಂದಿಗೂ ಜೂನ್ 23ರ ಸಂಜೆ ಬೆಂಕಿ ಹಾಕಿ ಆಚರಿಸುತ್ತಾರೆ.

ಹಬ್ಬದ ಮನೆಗೆ ಅತಿಥಿಯಾಗಿ ಹೋದವರಿಗೆ ಮೊದಲು ಸಿಗುವುದು ಕೆಲಸ. ಬೆಳಿಗ್ಗೆ ಎಲ್ಲರೂ ಸೇರಿ ಹೊಲದಂಚಿನ ಹೂ, ಬರ್ಚ್ ಮರದ ಎಲೆ ತಂದು ತಲೆಗೆ ಹೂವಿನ ಬಳೆ ಕಟ್ಟಿಕೊಳ್ಳುತ್ತಾರೆ. ಊರ ಬಯಲಿನಲ್ಲಿ ಉದ್ದನೆಯ ಕಂಬಕ್ಕೆ ಎಲೆ ಸುತ್ತಿ ನಿಲ್ಲಿಸುತ್ತಾರೆ. ಅದರ ಸುತ್ತ ಅಜ್ಜ, ಮೊಮ್ಮಕ್ಕಳೆನ್ನದೆ ಕೈಕೈ ಹಿಡಿದು ಕುಣಿಯುತ್ತಾರೆ. ಕಪ್ಪೆಗಳ ಹಾಗೆ ಕುಪ್ಪಳಿಸುವ ಕುಣಿತವೂ ಇದೆ. ಊಟಕ್ಕೆ ಉಪ್ಪಿನಕಾಯಿಯ ಹಾಗೆ ಹುಳಿ-ಸಿಹಿ ರಸದಲ್ಲಿ ಊರಿಸಿದ ಹೆರಿಂಗ್ ಮೀನು, ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿದ ಹೊಸ ಆಲೂಗಡ್ಡೆ, ಹುಳಿ ಕೆನೆ, ಕೊನೆಗೆ ಸ್ಟ್ರಾಬೆರಿ. ಹೊಸ ಆಲೂಗಡ್ಡೆಯೂ ಸ್ಟ್ರಾಬೆರಿಯೂ ಅಲ್ಲಿ ಆಗಷ್ಟೇ ಹೊಲದಿಂದ ಬರತೊಡಗಿರುತ್ತವೆ. ಹಾಗಾಗಿ ಇದು ಹೊಸ ಬೆಳೆಯ ಊಟವೂ ಹೌದು.

ರಾತ್ರಿ ಮಲಗುವ ಮುನ್ನ ಮದುವೆಯಾಗದ ಹುಡುಗಿಯರು ಮಾತಾಡದೆ ಏಳು ಬಗೆಯ ಹೂ ಕಿತ್ತು ದಿಂಬಿನ ಕೆಳಗೆ ಇಟ್ಟುಕೊಂಡರೆ ಕನಸಿನಲ್ಲಿ ಮುಂದಿನ ಗಂಡ ಕಾಣುತ್ತಾನೆಂಬ ನಂಬಿಕೆ ಅಲ್ಲಿದೆ. ನಮ್ಮಲ್ಲಿ ಎತ್ತು ಭವಿಷ್ಯ ಹೇಳಿದರೆ ಅಲ್ಲಿ ಹೂ ಹೇಳುತ್ತದೆ, ಅಷ್ಟೇ.

ರಾಯಚೂರು ಸೀಮೆಯ ಮನೆಯಲ್ಲಿ ಹಬ್ಬ ಹೇಗಿರುತ್ತದೆ?

ಕಾರ ಹುಣ್ಣಿಮೆ ಜ್ಯೇಷ್ಠ ಮಾಸದ ಹುಣ್ಣಿಮೆ. ಹಿಂದಿನ ದಿನ ಹೊನ್ನುಗ್ಗಿ. ಅಂದು ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಒಯ್ದು ಮೈ ತಿಕ್ಕುತ್ತಾರೆ, ಹುಗ್ಗಿ ಮಾಡುತ್ತಾರೆ. ಹುಣ್ಣಿಮೆಯ ದಿನ ಕೊಂಬಿಗೆ ಹುರಮಂಜು ಅಥವಾ ಬಣ್ಣ ಬಳಿದು, ಗೊಂಡೆ ಕಟ್ಟಿ, ಕೊರಳಿಗೆ ಗೆಜ್ಜೆಸರ ಹಾಕಿ, ಮೈಮೇಲೆ ಜೂಲ ಹೊದಿಸುತ್ತಾರೆ. ಮನೆಯವರು ಎತ್ತಿನ ಪಾದಕ್ಕೆ ನೀರು ಹಾಕಿ, ಆರತಿ ಮಾಡಿ, ಹೋಳಿಗೆ ಅಥವಾ ಕಡಬಿನ ಎಡೆ ತಿನ್ನಿಸಿದ ಮೇಲೆಯೇ ತಾವು ಉಣ್ಣುವುದು. ಕೂರಿಗೆ, ಕುಂಟೆಗಳಿಗೂ ಪೂಜೆ ಸಲ್ಲುತ್ತದೆ. ಸಂಜೆ ಊರ ಅಗಸಿಯಲ್ಲಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ.

ರಾಯಚೂರು ನಗರದಲ್ಲಿ ಈ ಹಬ್ಬಕ್ಕೆ ಇನ್ನೊಂದು ರೂಪವಿದೆ. ಮುನ್ನೂರು ಕಾಪು ಸಮಾಜದವರು ಕಾರ ಹುಣ್ಣಿಮೆಯ ಸಂದರ್ಭದಲ್ಲಿ ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಎತ್ತುಗಳಿಂದ ಟನ್‌ಗಟ್ಟಲೆ ತೂಕದ ಕಲ್ಲು ಎಳೆಸುವ ಸ್ಪರ್ಧೆ ಇರುತ್ತದೆ. ಅದನ್ನು ನೋಡಲು ನೆರೆಯ ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಅಲ್ಲಿ ಇದೇ ಹುಣ್ಣಿಮೆಗೆ ಏರುವಾಕ ಪುನ್ನಮಿ ಎಂಬ ಹೆಸರು. ಏರು ಎಂದರೆ ನೇಗಿಲು ಹೂಡುವುದು. ಹದಿನೈದು ದಿನ ಕಳೆದರೆ ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಮನೆಯಲ್ಲಿ ಎತ್ತು ಇಲ್ಲದವರೂ ಅಂದು ಮಣ್ಣಿನ ಎತ್ತು ಮಾಡಿ ಪೂಜಿಸಬಹುದು.

ಅತಿ ಉದ್ದದ ಹಗಲು ಯಾರಿಗೆ ಎಷ್ಟು ಉದ್ದ?

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಜೂನ್ 21ರ ಸುಮಾರಿಗೆ ಉತ್ತರ ಗೋಳಾರ್ಧ ಸೂರ್ಯನ ಕಡೆಗೆ ಹೆಚ್ಚು ಬಾಗಿರುತ್ತದೆ. ಅದೇ ವರ್ಷದ ಅತಿ ಉದ್ದದ ಹಗಲು. ಆದರೆ ಈ ಉದ್ದ ಎಲ್ಲ ಊರಿಗೂ ಒಂದೇ ಅಲ್ಲ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವ್ಯತ್ಯಾಸ ಹೆಚ್ಚುತ್ತದೆ.

ರಾಯಚೂರು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಜೂನ್ 21ರ ಹಗಲು ಸುಮಾರು 13 ತಾಸು 5 ನಿಮಿಷ, ಡಿಸೆಂಬರ್ 21ರ ಹಗಲು ಸುಮಾರು 11 ತಾಸು 10 ನಿಮಿಷ. ಅಂತರ ಎರಡು ತಾಸೂ ಇಲ್ಲ. ಸ್ಟಾಕ್‌ಹೋಮ್ ಇರುವುದು 59.3 ಡಿಗ್ರಿಯಲ್ಲಿ. ಅಲ್ಲಿ ಜೂನ್‌ನಲ್ಲಿ ಹಗಲು ಹದಿನೆಂಟೂವರೆ ತಾಸು ದಾಟಿದರೆ ಡಿಸೆಂಬರ್‌ನಲ್ಲಿ ಆರು ತಾಸಿನ ಆಸುಪಾಸು. ಅಂತರ ಹನ್ನೆರಡೂವರೆ ತಾಸು! ಇನ್ನೂ ಉತ್ತರಕ್ಕೆ, ಆರ್ಕ್ಟಿಕ್ ವೃತ್ತದ ಆಚೆ ಹೋದರೆ ಸೂರ್ಯ ಮುಳುಗುವುದೇ ಇಲ್ಲ.

ಆರು ತಿಂಗಳು ಕತ್ತಲೆಯನ್ನು ಸಹಿಸಿದವರಿಗೆ ಬೆಳಕೇ ಹಬ್ಬ. ನಮಗೆ ಬೆಳಕಿನ ಕೊರತೆ ಯಾವತ್ತೂ ಇಲ್ಲ. ಆದ್ದರಿಂದ ರಾಯಚೂರಿನ ರೈತ ಅತಿ ಉದ್ದದ ಹಗಲಿಗೆ ಹಬ್ಬ ಮಾಡಲಿಲ್ಲ. ಬಿಸಿಲು ಮುಗಿದು ಮಳೆ ಬರುವ ಹೊತ್ತಿಗೆ ಮಾಡಿದ.

ಹಾಗಾದರೆ ಅತಿ ಉದ್ದದ ಹಗಲೇ ಅತಿ ಬಿಸಿಯಲ್ಲವೇ?

ಅಲ್ಲ, ಎರಡೂ ಕಡೆ ಅಲ್ಲ. ಸ್ವೀಡನ್‌ನಲ್ಲಿ ಅತಿ ಬಿಸಿ ತಿಂಗಳು ಸಾಮಾನ್ಯವಾಗಿ ಜುಲೈ. ಚಳಿಗಾಲದಲ್ಲಿ ತಣ್ಣಗಾದ ನೆಲ, ಸಮುದ್ರ, ಸರೋವರಗಳು ಕಾಯಲು ವಾರಗಟ್ಟಲೆ ಬೇಕು. ಒಲೆಯ ಉರಿ ಜೋರು ಮಾಡಿದ ಕ್ಷಣಕ್ಕೇ ಹಂಡೆಯ ನೀರು ಕುದಿಯುವುದಿಲ್ಲ, ಹಾಗೆಯೇ ಇದು.

ರಾಯಚೂರಿನಲ್ಲಿ ಇದು ತಿರುವುಮುರುವು. ಇಲ್ಲಿ ಅತಿ ಬಿಸಿ ತಿಂಗಳು ಮೇ, ಅಂದರೆ ಅತಿ ಉದ್ದದ ಹಗಲಿಗಿಂತ ಮೊದಲೇ. ಜೂನ್ ಎರಡನೇ ವಾರದ ಹೊತ್ತಿಗೆ ನೈರುತ್ಯ ಮುಂಗಾರು ಈ ಭಾಗವನ್ನು ತಲುಪುತ್ತದೆ. ಮೋಡ ಬಿಸಿಲನ್ನು ತಡೆಯುತ್ತದೆ. ಒದ್ದೆ ನೆಲದಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಹಗಲು ಇನ್ನೂ ಉದ್ದವಾಗುತ್ತಿದ್ದರೂ ಉಷ್ಣಾಂಶ ಇಳಿಯುತ್ತದೆ.

ಇಲ್ಲೊಂದು ಅಚ್ಚರಿಯ ಲೆಕ್ಕವೂ ಇದೆ. ಜೂನ್ 21ರಂದು ಇಡೀ ದಿನದಲ್ಲಿ ವಾತಾವರಣದ ಮೇಲಂಚಿಗೆ ಬೀಳುವ ಸೂರ್ಯಶಕ್ತಿಯನ್ನು ಕೂಡಿಸಿದರೆ ಸ್ಟಾಕ್‌ಹೋಮ್‌ಗೆ ರಾಯಚೂರಿಗಿಂತ ಸುಮಾರು ಶೇ 7ರಷ್ಟು ಹೆಚ್ಚು ಸಿಗುತ್ತದೆ. ಕಿರಣ ಓರೆಯಾಗಿ ಬಿದ್ದರೂ ಐದೂವರೆ ತಾಸು ಹೆಚ್ಚು ಹೊತ್ತು ಬೀಳುತ್ತದಲ್ಲ! ಆದರೂ ಅಲ್ಲಿ ಹಬ್ಬದ ದಿನ ಜನ ಸ್ವೆಟರ್ ಹಾಕಿಕೊಂಡೇ ಕುಣಿಯುವುದುಂಟು. ಓರೆ ಕಿರಣ ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಸೊರಗುತ್ತದೆ, ಸುತ್ತಲಿನ ನೀರು ಇನ್ನೂ ತಣ್ಣಗೇ ಇರುತ್ತದೆ.

ಅಂದು ಸೂರ್ಯ ನಮ್ಮ ನೆತ್ತಿಯ ಮೇಲೆ ಇರುತ್ತಾನೆಯೇ?

ಇಲ್ಲ. ಜೂನ್ 21ರಂದು ಸೂರ್ಯ ನೆತ್ತಿಯ ಮೇಲೆ ಬರುವುದು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲಿರುವ ಊರುಗಳಿಗೆ. ಅದು ರಾಯಚೂರಿನಿಂದ ಉತ್ತರಕ್ಕೆ ಮಧ್ಯಪ್ರದೇಶ, ಗುಜರಾತಿನ ಮೂಲಕ ಹಾದುಹೋಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಒಮ್ಮೆ ಮೇ ಮೊದಲ ವಾರದಲ್ಲಿ, ಇನ್ನೊಮ್ಮೆ ಆಗಸ್ಟ್ 8ರ ಆಸುಪಾಸಿನಲ್ಲಿ. ಆ ಎರಡು ದಿನ ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ.

ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನೀವೇ ಪರೀಕ್ಷಿಸಬಹುದು. ಜೂನ್ 21ರ ಆಸುಪಾಸು ಮೋಡವಿಲ್ಲದ ದಿನ, ಮಧ್ಯಾಹ್ನ 12 ಗಂಟೆ 22 ನಿಮಿಷದ ಸುಮಾರಿಗೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು 12–13 ಸೆಂ.ಮೀ. ಇರುತ್ತದೆ, ದಕ್ಷಿಣ ದಿಕ್ಕಿಗೆ. ಗಡಿಯಾರದ ಹನ್ನೆರಡಕ್ಕೇ ನಡುಮಧ್ಯಾಹ್ನ ಆಗದಿರುವುದಕ್ಕೆ ಮುಖ್ಯ ಕಾರಣ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ. ರಾಯಚೂರು ಅದರ ಪಶ್ಚಿಮಕ್ಕಿದೆ. ಅದೇ ದಿನ ಸ್ಟಾಕ್‌ಹೋಮ್‌ನಲ್ಲಿ ಇಂಥದೇ ಕೋಲಿನ ನೆರಳು ಉತ್ತರಕ್ಕೆ, ಸುಮಾರು 72 ಸೆಂ.ಮೀ.

ಹುಣ್ಣಿಮೆ ಜಾರುತ್ತದೆ, ಮಳೆ ನಕ್ಷತ್ರ ಜಾರುವುದಿಲ್ಲ

ಕಾರ ಹುಣ್ಣಿಮೆ ಬಂತೆಂದರೆ ಬಿತ್ತನೆಗೆ ಇಳಿಯಬೇಕು ಎಂಬ ಮಾತಿದೆ. ಆದರೆ ಕಾರ ಹುಣ್ಣಿಮೆ ಚಂದ್ರನ ಲೆಕ್ಕದ ಹಬ್ಬ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಹಬ್ಬ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತಾರೆ.

ಜ್ಯೇಷ್ಠ ಹುಣ್ಣಿಮೆ 2021ರಲ್ಲಿ ಜೂನ್ 24ಕ್ಕೆ, 2022ರಲ್ಲಿ ಜೂನ್ 14ಕ್ಕೆ, 2023ರಲ್ಲಿ ಜೂನ್ 4ಕ್ಕೆ ಬಂತು. 2024ರಲ್ಲಿ ಜೂನ್ 21–22ಕ್ಕೆ ಹಾರಿತು. ಆ ವರ್ಷ ಹುಣ್ಣಿಮೆ, ಅತಿ ಉದ್ದದ ಹಗಲು, ಸ್ವೀಡನ್‌ನ ಮಿಡ್‌ಸಮ್ಮರ್ ಮೂರೂ ಒಂದೇ ಹೊತ್ತಿಗೆ ಕೂಡಿದ್ದವು. 2025ರಲ್ಲಿ ಜೂನ್ 11. ಅಧಿಕ ಜ್ಯೇಷ್ಠ ಇರುವ 2026ರಲ್ಲಿ ಜೂನ್ 29. ಜೂನ್ 4ಕ್ಕೂ 29ಕ್ಕೂ 25 ದಿನದ ಅಂತರ. ಮುಂಗಾರಿನ ಹೊತ್ತಿನಲ್ಲಿ 25 ದಿನ ಎಂದರೆ ಹೆಸರು ಬೆಳೆ ಸಿಗುವುದೋ ಕೈ ತಪ್ಪುವುದೋ ಎಂಬಷ್ಟು ದೊಡ್ಡ ಅಂತರ.

ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಹಬ್ಬಕ್ಕೆ ಚಂದ್ರನ ಲೆಕ್ಕ ಇಟ್ಟುಕೊಂಡರೂ ಮಳೆಗೆ ಸೂರ್ಯನ ಲೆಕ್ಕ ಇಟ್ಟುಕೊಂಡರು. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದರೆ ಸೂರ್ಯ ಆಯಾ ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಶುರುವಾಗುತ್ತವೆ. ಈ ದಿನಾಂಕಗಳು ಪ್ರತಿ ವರ್ಷ ಬಹುತೇಕ ಒಂದೇ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಅವು ಸರಿಯುತ್ತವೆ ನಿಜ, ಆದರೆ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಮಾತ್ರ. ಒಬ್ಬ ರೈತನ ಜೀವಮಾನದಲ್ಲಿ ಅದು ಲೆಕ್ಕಕ್ಕಿಲ್ಲ. ಪಂಚಾಂಗದಲ್ಲಿ ದಕ್ಷಿಣಾಯನ ಜುಲೈ 16ರ ಸುಮಾರಿಗೆ ಬರುವುದಕ್ಕೂ ಸೂರ್ಯ ನಿಜವಾಗಿ ದಕ್ಷಿಣಕ್ಕೆ ತಿರುಗುವುದು ಜೂನ್ 21ಕ್ಕೆ ಆಗುವುದಕ್ಕೂ ಇದೇ ಸರಿತ ಕಾರಣ. ಶತಮಾನಗಳ ಕಾಲ ಕೂಡಿಬಂದು ಈಗ 25 ದಿನದಷ್ಟಾಗಿದೆ.

ಕರಿ ಹರಿದ ಎತ್ತು ಬೆಳೆ ಹೇಳುತ್ತದೆಯೇ?

ಕೆಂದೆತ್ತು ಮೊದಲು ಕರಿ ಹರಿದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ಹರಿದರೆ ಹಿಂಗಾರಿ ಜೋಳ ಚೆನ್ನ ಎಂಬ ನಂಬಿಕೆ ಹಲವು ಊರುಗಳಲ್ಲಿದೆ. ಎತ್ತು ಮುಂದೆ ಬರುವುದು ಅದರ ವಯಸ್ಸು, ಮೇವು, ಪಳಗಿಸಿದ ರೀತಿ, ಹಗ್ಗಕ್ಕೆ ಎಷ್ಟು ಹತ್ತಿರ ನಿಂತಿತ್ತು ಎಂಬುದರ ಮೇಲೆ. ಮಳೆ ಬರುವುದು ಸಮುದ್ರದ ಉಷ್ಣಾಂಶ, ಗಾಳಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಮೇಲೆ. ಎರಡಕ್ಕೂ ಸಂಬಂಧವಿಲ್ಲ.

ಆದರೂ ನಂಬಿಕೆ ಉಳಿದಿದೆ ಏಕೆ? ಉತ್ತರ ಎರಡೇ ಇದ್ದಾಗ ಸುಮ್ಮನೆ ಹೇಳಿದರೂ ಅರ್ಧದಷ್ಟು ಸಲ ಸರಿಯಾಗಬಹುದು. ಸರಿಯಾದ ವರ್ಷ ನೆನಪಿನಲ್ಲಿ ಉಳಿಯುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ. ಜೊತೆಗೆ ರಾಯಚೂರು ಜಿಲ್ಲೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ವರ್ಷದ ಮಳೆ 600 ಮಿ.ಮೀ.ನ ಆಸುಪಾಸು. ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅಂದರೆ ಇಲ್ಲಿ ಮುಂಗಾರಿ ಕೈಕೊಟ್ಟು ಹಿಂಗಾರಿ ಕೈಹಿಡಿಯುವುದು ಆಗಾಗ ಆಗುವುದೇ. ಬಿಳಿ ಎತ್ತು ಗೆದ್ದರೂ ಸೋತರೂ ಅದು ಆಗುತ್ತದೆ.

ಎತ್ತಿನ ಓಟ ನೋಡಿ ಸಂತೋಷಪಡುವುದಕ್ಕೆ ಅಡ್ಡಿಯಿಲ್ಲ. ಬೀಜದ ನಿರ್ಧಾರವನ್ನು ಮಾತ್ರ ಮಣ್ಣು ನೋಡಿ ಮಾಡಬೇಕು. ದೇವದುರ್ಗದ ಎರೆ ಹೊಲದಲ್ಲಿ ಮಳೆ ನಂಬಿ ಹತ್ತಿ, ತೊಗರಿ ಹಾಕುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಎರೆ ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಹೆಚ್ಚು, ಆದರೆ ಮೊದಲ ತುಂತುರು ಮಳೆಗೆ ಮೇಲಿನ ಎರಡು ಬೆರಳಷ್ಟೇ ನೆನೆಯುತ್ತದೆ. ಆ ತೇವಕ್ಕೆ ಬೀಜ ಮೊಳೆತು, ನಂತರ ಹತ್ತು ದಿನ ಮಳೆ ಹೋದರೆ ಸಸಿ ಒಣಗುತ್ತದೆ. ಬೀಜ, ಗೊಬ್ಬರ, ಕೂಲಿ ಮೂರೂ ಹೋಗಿ ಮತ್ತೆ ಸಾಲ ಮಾಡಿ ಬಿತ್ತಬೇಕು. ಒಟ್ಟು 60–75 ಮಿ.ಮೀ. ಮಳೆಯಾಗಿ ನೆಲ ಒಂದು ಗೇಣು ಆಳಕ್ಕೆ ಹಸಿಯಾದ ಮೇಲೆ ಬಿತ್ತುವುದು ಸುರಕ್ಷಿತ. ತೊಗರಿಯನ್ನು ಜುಲೈ ಮಧ್ಯದವರೆಗೂ ಬಿತ್ತಬಹುದು, ಅವಸರ ಬೇಡ. ಹವಾಮಾನ ಇಲಾಖೆಯ ಮುನ್ಸೂಚನೆ, ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಸಲಹೆ, ಮೊಬೈಲ್‌ನ ಮೇಘದೂತ್ ಆ್ಯಪ್ ಇವು ಕರಿ ಹಗ್ಗಕ್ಕಿಂತ ನಂಬಲರ್ಹ.

ಮಾನ್ವಿಯ ಕಾಲುವೆ ಕೆಳಗಿನ ಗದ್ದೆಗಳ ಲೆಕ್ಕವೇ ಬೇರೆ. ಅಲ್ಲಿ ಭತ್ತದ ನಾಟಿ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ, ಅದು ಕೊನೆಭಾಗಕ್ಕೆ ಯಾವಾಗ ಮುಟ್ಟುತ್ತದೆ ಎಂಬುದರ ಮೇಲೆ. ಅದು ಮಲೆನಾಡಿನಲ್ಲಿ ಮಳೆಯಾಗಿ ಜಲಾಶಯಕ್ಕೆ ಒಳಹರಿವು ಬಂದ ನಂತರದ ಮಾತು. ಊರ ಎತ್ತಿಗೂ ಊರ ಮಳೆಗೂ ಅದು ಗೊತ್ತಿರುವುದಿಲ್ಲ.

ಹಬ್ಬದ ದಿನ ಎತ್ತಿನ ಹೊಟ್ಟೆ ಜೋಪಾನ

ವರ್ಷವಿಡೀ ದುಡಿದ ಎತ್ತಿಗೆ ಒಂದು ದಿನವಾದರೂ ಹೊಟ್ಟೆ ತುಂಬ ಒಳ್ಳೆಯದು ತಿನ್ನಿಸಬೇಕೆಂಬುದು ಪ್ರೀತಿಯ ಮಾತು. ಆದರೆ ಎತ್ತಿನ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ. ಅದರ ಮೊದಲ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಕಣಿಕೆ, ಹೊಟ್ಟು, ಹುಲ್ಲನ್ನು ನಿಧಾನವಾಗಿ ಹುಳಿಸಿ ಜೀರ್ಣಿಸುತ್ತವೆ. ಅಲ್ಲಿಯ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ. ಒಮ್ಮೆಲೇ ಬುಟ್ಟಿಗಟ್ಟಲೆ ಹುಗ್ಗಿ, ಅನ್ನ, ಜೋಳದ ನುಚ್ಚು, ಬೆಲ್ಲದ ಹೋಳಿಗೆ ಬಿದ್ದರೆ ಹಿಟ್ಟು-ಸಕ್ಕರೆ ಬೇಗ ಹುಳಿತು ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲೇ ಎತ್ತು ಸಾಯಲೂಬಹುದು.

ಲಕ್ಷಣಗಳು ಹೀಗಿರುತ್ತವೆ: ಮೆಲುಕು ಹಾಕುವುದು ನಿಲ್ಲುತ್ತದೆ, ಎಡ ಹೊಟ್ಟೆ ಉಬ್ಬುತ್ತದೆ, ಹುಳಿ ವಾಸನೆಯ ತೆಳು ಸಗಣಿ, ತೂರಾಡುವ ನಡಿಗೆ, ಕೊನೆಗೆ ಮಲಗಿದಲ್ಲಿಂದ ಏಳದಿರುವುದು. ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಯಿರಿ. ಪಶು ಸಹಾಯವಾಣಿ 1962ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮೊದಲೇ ತಡೆಯುವುದು ಇನ್ನೂ ಸುಲಭ: ಮೊದಲು ಮಾಮೂಲಿ ಮೇವು ಹಾಕಿ, ಎಡೆಯನ್ನು ಒಂದೆರಡು ಹೋಳಿಗೆಗೆ ನಿಲ್ಲಿಸಿ, ನೀರು ಧಾರಾಳ ಇಡಿ. ಬಂದ ನೆಂಟರೆಲ್ಲ ಒಂದೊಂದು ತಿನ್ನಿಸಿದರೆ ಲೆಕ್ಕ ತಪ್ಪುತ್ತದೆ.

ಗೊಟ್ಟದಲ್ಲಿ ಎಣ್ಣೆ, ಮೊಟ್ಟೆ ಕುಡಿಸುವಾಗಲೂ ಎಚ್ಚರ ಬೇಕು. ತಲೆಯನ್ನು ತೀರಾ ಮೇಲೆತ್ತಿ, ನಾಲಿಗೆ ಎಳೆದು ಹಿಡಿದು ಸುರಿದರೆ ಎಣ್ಣೆ ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶ ಕೆಡಬಹುದು. ಕೊಂಬಿಗೆ ಹುರಮಂಜು ಆದರೆ ತೊಂದರೆಯಿಲ್ಲ. ಹಳೆಯ ಡಬ್ಬಿಯ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು, ಎತ್ತುಗಳು ಒಂದನ್ನೊಂದು ನೆಕ್ಕುತ್ತವೆ.

ಹಬ್ಬದ ಖುಷಿಯಲ್ಲಿ ಅನಾಹುತ ಆಗುವುದು ನಮ್ಮಲ್ಲಿ ಮಾತ್ರವಲ್ಲ. ಫಿನ್‌ಲ್ಯಾಂಡ್‌ನಲ್ಲಿ ಮಿಡ್‌ಸಮ್ಮರ್ ಮುಗಿದ ಮೇಲೆ ಎಷ್ಟು ಜನ ಸರೋವರದಲ್ಲಿ ಮುಳುಗಿದರು ಎಂಬುದು ಪ್ರತಿ ವರ್ಷ ಸುದ್ದಿ. ಕುಡಿದು ದೋಣಿ ಹತ್ತಬೇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಅಲ್ಲಿಯವರು ಹಬ್ಬಕ್ಕೆ ಮೊದಲೇ ಸಾರುತ್ತಾರೆ. ನಮ್ಮಲ್ಲೂ ಹೊನ್ನುಗ್ಗಿಯ ದಿನವೇ ಇಂಥ ನಾಲ್ಕು ಮಾತು ಊರ ಕಟ್ಟೆಯಲ್ಲಿ ಆಡಿಕೊಂಡರೆ ಒಂದೆರಡು ಎತ್ತು ಉಳಿದಾವು. ಟ್ರ್ಯಾಕ್ಟರ್ ಬಂದ ಮೇಲೆ ಊರಲ್ಲಿ ಉಳಿದಿರುವ ಜೋಡಿಗಳೇ ಕಡಿಮೆ.